ಎಡಗಡೆಯ ಸ್ಪೀಕರ್

ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರದ ಪಕ್ಕ ಒಂದು ಸ್ಪೀಕರ್ ಬೋರಲಾಗಿ ಮಲಗಿದೆ. ಅದು ಹಾಡುವುದಿಲ್ಲ. ಅದರ ಬೆನ್ನಿಗಿರುವ ದುಂಡನೆಯ ಅಯಸ್ಕಾಂತಕ್ಕೆ ನನ್ನ ಹೆಂಡತಿ ಸರೋಜ ತನ್ನ ಗುಂಡುಪಿನ್ನು, ಸೂಜಿ, ಹುಕ್ಕುಗಳನ್ನೆಲ್ಲ ಅಂಟಿಸಿಟ್ಟಿರುತ್ತಾಳೆ. ಬ್ಲೌಸು ಹೊಲಿಸಲು ಬಂದ ಹೆಂಗಸರು ‘ಇದೇನಕ್ಕಾ, ಮುಳ್ಳುಹಂದಿ ಇದ್ದಂಗಿದೆ’ ಎಂದರೆ ‘ನಮ್ಮನೆಯವ್ರ ಬೈಕಿಂದು’ ಅನ್ನುತ್ತಾಳೆ. ಅಷ್ಟು ಹೇಳಿ ಟೇಪು ಹಿಡಿದು ಅಳತೆ ತೆಗೆಯಲು ಶುರುಮಾಡುತ್ತಾಳೆ. ಉಳಿದದ್ದನ್ನು ನಾನೇ ಹೇಳಬೇಕು, ಏಕೆಂದರೆ ಉಳಿದದ್ದರಲ್ಲಿ ತಪ್ಪೆಲ್ಲ ನನ್ನದೇ.

ಬೈಕಿಗೆ ಸ್ಪೀಕರ್ ಯಾಕಪ್ಪಾ ಎಂದು ನೀವು ಕೇಳಬಹುದು. ಅದನ್ನು ಕೊಳ್ಳುವ ಮೊದಲು ನಾನೂ ಹಾಗೇ ಕೇಳುತ್ತಿದ್ದೆ. ಐವತ್ತು ದಾಟಿದ ಮೇಲೆ ಕೆಲವರಿಗೆ ತೀರ್ಥಯಾತ್ರೆಯ ಆಸೆ ಹುಟ್ಟುತ್ತದೆ, ಕೆಲವರಿಗೆ ತೋಟದ ಆಸೆ. ನನಗೆ ದೊಡ್ಡ ಬೈಕಿನ ಆಸೆ ಹುಟ್ಟಿತು. ವೈಟ್‌ಫೀಲ್ಡಿನ ಒಬ್ಬರು ಮಾರಿದ ಹಳೆಯ ಟೂರಿಂಗ್ ಬೈಕನ್ನು ಮನೆಗೆ ತಂದಾಗ ಬೀದಿಯವರೆಲ್ಲ ಎಮ್ಮೆ ನೋಡಲು ಬಂದಂತೆ ಸುತ್ತ ನಿಂತು ನೋಡಿದರು. ಮುಂದೆ ಗಾಳಿ ತಡೆಯುವ ಅಗಲವಾದ ಕವಚ, ಆ ಕವಚದೊಳಗೆ ಎಡಕ್ಕೊಂದು ಬಲಕ್ಕೊಂದು ಸ್ಪೀಕರ್, ಹಿಂದೆ ಎರಡು ಪಕ್ಕಕ್ಕೂ ಸಾಮಾನಿನ ಪೆಟ್ಟಿಗೆ. ಸರೋಜ ಅದನ್ನು ಒಂದು ಸುತ್ತು ಹಾಕಿ ನೋಡಿ, ‘ಇದ್ರಲ್ಲಿ ನಾನು ಕಾಲು ಎಲ್ಲಿ ಇಡ್ಲಿ?’ ಎಂದು ಕೇಳಿದಳು. ಅವಳು ಸೀರೆಯವಳು. ಇಪ್ಪತ್ತಾರು ವರ್ಷದಿಂದ ನನ್ನ ಹಿಂದೆ ಎಡಕ್ಕೆ ಮುಖಮಾಡಿ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕುಳಿತವಳು. ಮರುದಿನವೇ ಎಡಗಡೆಯ ಪೆಟ್ಟಿಗೆ ಬಿಚ್ಚಿಸಿ, ಅಲ್ಲಿ ಅವಳ ಪಾದಕ್ಕೆ ಒಂದು ಪಟ್ಟಿ ಹಾಕಿಸಿದೆ. ಒಂದು ಪಕ್ಕ ಬೋಳಾದ ಆ ಬೈಕನ್ನು ಕಂಡು ಹೆದ್ದಾರಿಯಲ್ಲಿ ಬೇರೆ ಟೂರಿಂಗ್ ಸವಾರರು ನಗುತ್ತಿದ್ದರು. ನಗಲಿ ಬಿಡಿ.

ನಮ್ಮ ಸಂಸಾರ ನಡೆದದ್ದೇ ಎರಡು ಚಕ್ರದ ಮೇಲೆ. ಮನೆಯಲ್ಲಿ ಅಮ್ಮನ ಟಿವಿ, ಸರೋಜಳ ಹೊಲಿಗೆ ಯಂತ್ರ, ಅಳತೆ ಕೊಡಲು ಬಂದವರ ಹರಟೆ. ಗಂಡಹೆಂಡಿರ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಸ್ಕೂಟರಿನ ಕಾಲದಿಂದಲೂ ಅವಳು ಹೇಳಬೇಕಾದದ್ದನ್ನೆಲ್ಲ ಸವಾರಿಗೆ ಕೂಡಿಟ್ಟುಕೊಳ್ಳುತ್ತಿದ್ದಳು. ಮಗಳಿಗೆ ಏನು ಹೆಸರಿಡುವುದು ಎಂದು ತೀರ್ಮಾನವಾದದ್ದು ಮತ್ತಿಕೆರೆಯ ಸಿಗ್ನಲ್ಲಿನಲ್ಲಿ. ಸೈಟು ಬೇಡ, ಇರುವ ಮನೆಗೇ ಒಂದು ಅಂತಸ್ತು ಏರಿಸೋಣ ಎಂದು ಅವಳು ನನ್ನನ್ನು ಒಪ್ಪಿಸಿದ್ದು ಹೆಸರಘಟ್ಟದ ರಸ್ತೆಯಲ್ಲಿ. ಎಡಭುಜದ ಮೇಲೆ ಗದ್ದ ಊರಿ ಅವಳು ಹೇಳುತ್ತಿದ್ದಳು, ನಾನು ಕತ್ತು ತಿರುಗಿಸದೆ ಉತ್ತರ ಕೊಡುತ್ತಿದ್ದೆ. ಮುಖ ನೋಡಿ ಆಡಲಾಗದ ಮಾತು ಕೆಲವಿರುತ್ತವೆ, ನಿಮಗೂ ಗೊತ್ತಿರಬೇಕು. ಅವಕ್ಕೆ ಬೈಕಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಈ ದೊಡ್ಡ ಬೈಕು ಬಂದ ಎರಡು ವರ್ಷದಲ್ಲಿ ಸರೋಜ ಮೌನಿಯಾದಳು. ಭಾನುವಾರ ಬೆಳಗ್ಗೆ ನೆಲಮಂಗಲ ದಾಟಿ ಟೀ ಕುಡಿದು ಬರುವುದು ನಮ್ಮ ರೂಢಿ. ಹೋಗುವಾಗ ಮಾತಿಲ್ಲ, ಬರುವಾಗ ಮಾತಿಲ್ಲ. ಆಗೊಮ್ಮೆ ಈಗೊಮ್ಮೆ ಅವಳ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ತಗುಲಿದರೆ ಏನೋ ಹೇಳಿದಳು ಎಂದು ಗೊತ್ತಾಗುತ್ತಿತ್ತು. ಗಾಳಿಯ ಸದ್ದಿನಲ್ಲಿ ಒಂದೆರಡು ಅಕ್ಷರ ಸಿಕ್ಕರೆ ಸಿಕ್ಕಿತು. ನಾನು ತಲೆಯಾಡಿಸಿ ಹೂಂ ಅನ್ನುತ್ತಿದ್ದೆ. ಬೇಕಾದದ್ದಾದರೆ ಟೀ ಅಂಗಡಿಯಲ್ಲಿ ಹೇಳುತ್ತಾಳಲ್ಲ ಎಂದುಕೊಳ್ಳುತ್ತಿದ್ದೆ. ಅಲ್ಲಿ ಅವಳು ಏನೂ ಹೇಳುತ್ತಿರಲಿಲ್ಲ. ಇವಳಿಗೆ ನನ್ನ ಮೇಲೆ ಬೇಸರ ಬಂದಿದೆಯೆಂಬ ಅಳುಕು ನನ್ನನ್ನು ತಿನ್ನತೊಡಗಿತು. ಮದುವೆಯಾಗಿ ಇಷ್ಟು ವರ್ಷದ ಮೇಲೆ ‘ನನ್ನ ಜೊತೆ ಯಾಕೆ ಮಾತಾಡುತ್ತಿಲ್ಲ’ ಎಂದು ಕೇಳುವುದು ಹೇಗೆ? ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಅವಳು ನಿಜವಾದ ಉತ್ತರ ಕೊಟ್ಟುಬಿಟ್ಟರೆ?

ಕೇಳುವ ಬದಲು ರಿಪೇರಿಗೆ ಇಳಿದೆ. ಅದು ನನ್ನ ಜಾತಕದಲ್ಲೇ ಇದೆ. ಮಾತಿಲ್ಲದಿದ್ದರೆ ಹಾಡಾದರೂ ಇರಲಿ, ಇಬ್ಬರೂ ಕೇಳುತ್ತಾ ಹೋದರೆ ಆ ನೆಪದಲ್ಲಿ ಮಾತು ಬಂದೀತು ಎಂದು ಲೆಕ್ಕ ಹಾಕಿದೆ. ಆದರೆ ಬೈಕಿನ ಎಡಗಡೆಯ ಸ್ಪೀಕರ್ ತೀರಾ ಸಪ್ಪೆಯಾಗಿತ್ತು. ಬಿಚ್ಚಿ ಹೊಸದು ಹಾಕಿದೆ, ಅದೂ ಸಪ್ಪೆ. ವೈರು ಬದಲಿಸಿದೆ. ಕೊನೆಗೆ ಎಡ ಬಲದ ಹೊಂದಾಣಿಕೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿಟ್ಟೆ. ಒಮ್ಮೆ ಬೈಕು ಓಡಿಸಿದ ಮಗಳು ‘ಅಪ್ಪಾ, ಎಲ್ಲಾ ಒಂದೇ ಕಡೆ ಕಿರುಚ್ತಿದೆಯಲ್ಲ’ ಅಂದಳು. ಇವಳಿಗೇನು ಗೊತ್ತು ಸಂಗೀತ ಎಂದು ಸುಮ್ಮನಾದೆ.

ನನ್ನ ಕಿವಿಯ ಮೇಲೆ ನನಗೆ ಅಷ್ಟು ಭರವಸೆ ಇದ್ದದ್ದಕ್ಕೆ ಕಾರಣ ನಮ್ಮಪ್ಪ. ಅವರು ಜಾಲಹಳ್ಳಿಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಯಂತ್ರ ರಿಪೇರಿಯ ಫಿಟ್ಟರ್ ಆಗಿದ್ದರು. ಅವರ ಬಳಿ ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಇತ್ತು. ಓಡುವ ಯಂತ್ರದ ಮೈಗೆ ಅದರ ತುದಿ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಂದು ನಿಮಿಷ ಕೇಳಿ, ‘ಈ ಬೇರಿಂಗ್ ಇನ್ನೊಂದು ವಾರ ತಡೆಯುತ್ತೆ, ಅಷ್ಟೆ’ ಎಂದರೆ ಅದು ಅಷ್ಟೇ. ಕ್ವಾರ್ಟರ್ಸಿನಲ್ಲಿ ಯಾರ ಮನೆಯ ಫ್ಯಾನು ಗೊರಗುಟ್ಟಿದರೂ ಅಪ್ಪನಿಗೆ ಕರೆ ಬರುತ್ತಿತ್ತು. ಹಬ್ಬದ ದಿನ ಊಟಕ್ಕೆ ಕುಳಿತವರು ಪಕ್ಕದ ಮನೆಯ ಗ್ರೈಂಡರಿನ ಸದ್ದು ಕೇಳಿ ಎದ್ದು ಹೋದದ್ದುಂಟು.

ನನಗೆ ಏಳೆಂಟು ವರ್ಷವಿದ್ದಾಗ ಆ ಸ್ಕ್ರೂಡ್ರೈವರ್ ಕದ್ದು, ಮಧ್ಯಾಹ್ನ ಮಲಗಿದ್ದ ಅಜ್ಜಿಯ ಮಂಡಿಗೆ ತಾಗಿಸಿ ಕೇಳಿದೆ. ಆಕೆ ಮಗ್ಗುಲು ಬದಲಿಸಿದಳು, ಒಳಗೆ ಕಟಕಟ ಅಂದಿತು. ‘ಅಪ್ಪಾ, ಅಜ್ಜಿ ಬೇರಿಂಗ್ ಹೋಗಿದೆ’ ಎಂದು ಕೂಗಿಕೊಂಡು ಓಡಿದೆ. ಅಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡು, ‘ನನ್ನ ಕಿವಿ ಇವನಿಗೆ ಬಂದಿದೆ ಕಣೇ’ ಎಂದು ಅಮ್ಮನಿಗೆ ಹೇಳಿದರು. ಆಸ್ತಿಯೆಂದು ಅಪ್ಪ ನನ್ನ ಹೆಸರಿಗೆ ಬರೆದದ್ದು ಅದೊಂದೇ. ನಲವತ್ತೈದು ವರ್ಷ ನಾನು ಅದನ್ನು ನಂಬಿಕೊಂಡೇ ಬದುಕಿದೆ.

ಆ ಕಿವಿಯನ್ನು ಒಯ್ದು ನಾನು ಪೀಣ್ಯದ ಪ್ರೆಸ್ ಶಾಪಿನಲ್ಲಿಟ್ಟೆ. ತಗಡನ್ನು ಅಚ್ಚಿನ ಮೇಲಿಟ್ಟು ಒಂದೇ ಏಟಿಗೆ ಬಾಗಿಲ ಹಿಡಿಯೋ, ಮೋಟರಿನ ಮುಚ್ಚಳವೋ ಮಾಡುವ ಜಾಗ ಅದು. ನಿಮಿಷಕ್ಕೆ ಎಷ್ಟು ಏಟು ಎಂದು ಎಣಿಸುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ. ಕಂಪನಿಯವರು ಕಿವಿಗೆ ಹಾಕಿಕೊಳ್ಳಲು ದಾರ ಕಟ್ಟಿದ ಬಿರಡೆ ಕೊಟ್ಟಿದ್ದರು. ನಾವು ಅದನ್ನು ಕೊರಳಿಗೆ ಹಾಕಿಕೊಂಡು ಓಡಾಡುತ್ತಿದ್ದೆವು. ಸೇಫ್ಟಿ ಆಫೀಸರ್ ಬರುತ್ತಾರೆ ಎಂದರೆ ಮಾತ್ರ ಅದು ಕಿವಿಗೆ ಏರುತ್ತಿತ್ತು. ಕಿವಿ ಮುಚ್ಚಿಕೊಂಡವನು ಹೊಸಬ ಎಂಬ ಒಣಜಂಬ ನಮಗೆ.

ಅಲ್ಲಿ ಯಾರೂ ‘ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು’ ಅನ್ನುವುದಿಲ್ಲ. ಅಂದರೆ ಅವನು ಮುದುಕನಾದ ಎಂದರ್ಥ. ಬೆರಳಿನ ಸನ್ನೆಯಲ್ಲಿ ಅರ್ಧ ಕೆಲಸ ನಡೆಯುತ್ತದೆ. ಉಳಿದರ್ಧ ತಲೆಯಾಡಿಸುವುದರಲ್ಲಿ. ಎದುರಿನವನ ಬಾಯಿ ಅಲ್ಲಾಡಿತು, ನಿಂತಿತು, ನಾವು ತಲೆಯಾಡಿಸಿದೆವು, ಅಷ್ಟೇ. ಹೀಗೆ ತಲೆಯಾಡಿಸಿ ನಾನು ಒಮ್ಮೆ ಪೇಚಿಗೆ ಸಿಕ್ಕಿದ್ದೂ ಉಂಟು. ಬಾಗಲಕೋಟೆ ಕಡೆಯ ಯಲ್ಲಪ್ಪ ನಮ್ಮಲ್ಲಿ ಪ್ರೆಸ್ ಓಡಿಸುತ್ತಾನೆ. ಅವನು ಬಂದು ಏನೋ ಕೇಳಿದ, ನಾನು ಆಗಲಿ ಎಂದು ತಲೆಯಾಡಿಸಿದೆ. ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದಾದ ಮೇಲೆ ಅವನು ಮೈಕ್ ತಂದು ನನ್ನ ಕೈಗಿಟ್ಟ.

‘ಏನೋ ಇದು?’

‘ನೀವ ಹಾಡತೇನಿ ಅಂದಿದ್ರಲ್ರೀ ಸರ! ಮಂದಿ ಎಲ್ಲಾ ಕಾಯಾಕತ್ತೈತಿ.’

ಎರಡು ಸಾಲು ದೇವರನಾಮ ಹೇಳಿ ಮೂರನೆಯದು ಮರೆತೆ. ಮತ್ತೆ ಶುರುಮಾಡಿಬಿಟ್ಟೇನೆಂದು ಹೆದರಿ ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಇದನ್ನು ನಾನು ವರ್ಷಗಟ್ಟಲೆ ತಮಾಷೆಯಾಗಿ ಹೇಳಿಕೊಂಡು ತಿರುಗಿದ್ದೇನೆ. ಈಗ ಹೇಳುವಾಗ ಅಷ್ಟು ನಗು ಬರುವುದಿಲ್ಲ.

ಕಳೆದ ವರ್ಷದ ಒಂದು ಭಾನುವಾರ ಎಂದಿನಂತೆ ನೆಲಮಂಗಲದ ಕಡೆ ಹೊರಟೆವು. ಅಂದು ಅವಳ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ನಾಲ್ಕಾರು ಸಲ ತಗುಲಿತು. ಪಕ್ಕದಲ್ಲಿ ಲಾರಿಗಳು. ನಾನು ಪ್ರತಿ ಸಲವೂ ಹೂಂ ಅಂದೆ. ಟೀ ಅಂಗಡಿಯಲ್ಲಿ ಅವಳ ಮುಖ ಹಗುರವಾಗಿತ್ತು. ತನ್ನ ಪಾಲಿನ ಬಿಸ್ಕತ್ತನ್ನೂ ನನ್ನ ಕಡೆ ಸರಿಸಿ, ‘ತಿನ್ನಿ’ ಅಂದಳು. ಬಹಳ ದಿನದ ಮೇಲೆ ಅವಳು ನನ್ನ ಮುಖ ನೋಡಿ ನಕ್ಕದ್ದು ಕಂಡು ನನಗೆ ಹುರುಪು ಬಂತು. ಇದೇ ಸಮಯ, ಸಿಸ್ಟಮ್ಮನ್ನೇ ಪೂರ್ತಿ ಬದಲಿಸಿ ಇವಳನ್ನು ಬೆರಗಾಗಿಸಿಬಿಡಬೇಕು ಎಂದು ಅಲ್ಲೇ ನಿಶ್ಚಯಿಸಿದೆ. ಪೀಣ್ಯದಲ್ಲಿ ಗಾಡಿಗಳಿಗೆ ಸ್ಪೀಕರ್ ಕೂರಿಸುವ ನಯಾಜ್‌ಗೆ ಫೋನ್ ಮಾಡಿ ಗುರುವಾರ ಬರುತ್ತೇನೆಂದೆ.

ಗುರುವಾರ ಬೆಳಗ್ಗೆ ಬೂಟು ಹಾಕಿಕೊಳ್ಳುತ್ತಾ, ‘ಇವತ್ತು ಅರ್ಧ ದಿನ ರಜೆ ಹಾಕಿದೀನಿ’ ಎಂದೆ. ಸರೋಜ ಟಿವಿ ಮುಂದೆ ಕುಳಿತಿದ್ದ ಅಮ್ಮನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು.

‘ಗೊತ್ತು ರೀ. ಲೇಟ್ ಮಾಡ್ಬೇಡಿ.’

ಇವಳಿಗೆ ಸ್ಪೀಕರ್ ವಿಷಯ ಯಾರು ಹೇಳಿದರು ಎಂದು ಯೋಚಿಸುತ್ತಾ ಗೇಟು ದಾಟಿದೆ. ನಯಾಜನೇ ಬಾಯಿಬಿಟ್ಟಿರಬೇಕು ಎಂದುಕೊಂಡು ಒಳಗೊಳಗೇ ನಕ್ಕೆ.

ನಯಾಜ್ ಒಳ್ಳೆಯ ಕೆಲಸಗಾರ. ಬೈಕಿನ ಮುಂದಿನ ಕವಚ ಬಿಚ್ಚಿ, ಹಳೆಯ ಸ್ಪೀಕರುಗಳನ್ನು ತೆಗೆದು ಎಡಗಡೆಯದನ್ನು ನನ್ನ ಕೈಗೆ ಕೊಟ್ಟ; ಈಗ ಸೂಜಿ ಹೊತ್ತು ಮಲಗಿರುವುದು ಅದೇ. ಹೊಸ ಆಂಪ್ಲಿಫೈಯರನ್ನು ಸೀಟಿನ ಕೆಳಗೆ ಕೂರಿಸಿದ. ನನ್ನ ಫೋನನ್ನು ಸಿಸ್ಟಮ್ಮಿಗೆ ಜೋಡಿಸಿ ನನ್ನನ್ನು ಬೈಕಿನ ಮೇಲೆ ಕೂರಿಸಿದ.

‘ಸಾರ್, ಒಂದೊಂದೇ ಟೆಸ್ಟ್ ಮಾಡೋಣ. ಈಗ ಯಾವ ಕಡೆ ಬರ್ತಿದೆ ಹೇಳಿ.’

ನಾನು ಅಪ್ಪನಂತೆ ಕಣ್ಣು ಮುಚ್ಚಿದೆ. ‘ಬಲಗಡೆ. ಆದ್ರೆ ಸ್ವಲ್ಪ ಡಲ್ ಇದೆ ನಯಾಜ್.’

ಕಣ್ಣು ಬಿಟ್ಟು ನೋಡಿದೆ. ಬಲಗಡೆಯ ಸ್ಪೀಕರಿನ ವೈರು ಅವನ ಕೈಯಲ್ಲಿ ನೇತಾಡುತ್ತಿತ್ತು.

‘ಸಾರ್, ರೈಟ್ ಇನ್ನೂ ಕನೆಕ್ಟೇ ಮಾಡಿಲ್ಲ. ಓಡ್ತಿರೋದು ಲೆಫ್ಟು. ಆಚೆ ರೋಡ್ ತನಕ ಕೇಳಿಸ್ತಿದೆ.’

ನಾನು ನಗಲು ನೋಡಿದೆ. ನಯಾಜ್ ನಗಲಿಲ್ಲ. ಹತ್ತಿರ ಬಂದು, ‘ತಪ್ಪು ತಿಳ್ಕೋಬೇಡಿ ಸಾರ್’ ಎಂದು ನನ್ನ ಬಲಗಿವಿಯನ್ನು ಅಂಗೈಯಿಂದ ಮುಚ್ಚಿ, ಎಡಗಿವಿಯ ಬಳಿ ಏನೋ ಹೇಳಿದ. ಅವನ ತುಟಿ ಅಲ್ಲಾಡುವುದು ಓರೆಗಣ್ಣಿಗೆ ಕಾಣುತ್ತಿತ್ತು. ಉಸಿರು ತಾಗುತ್ತಿತ್ತು. ಮಾತು ಮಾತ್ರ ಬರಲಿಲ್ಲ. ರೂಢಿಯಂತೆ ತಲೆಯಾಡಿಸಿದೆ. ಅವನು ಕೈ ತೆಗೆದು ಮೆಲ್ಲಗೆ ಕೇಳಿದ.

‘ನಾನು ಏನ್ ಅಂದೆ ಸಾರ್?’

ಇಪ್ಪತ್ತೆಂಟು ವರ್ಷ ನನ್ನ ಮೇಜಿನ ಎಡಕ್ಕೇ ನಿಂತಿದ್ದ ದೊಡ್ಡ ಪ್ರೆಸ್ ಕಣ್ಣಮುಂದೆ ಬಂತು. ಅಪ್ಪ ಬದುಕಿದ್ದಿದ್ದರೆ ಅವರಿಗೆ ಏನು ಹೇಳುತ್ತಿದ್ದೆ ಎಂಬುದೇ ಮೊದಲು ಬಂದ ಯೋಚನೆ. ನಯಾಜ್ ನನ್ನ ಮುಖ ನೋಡಲಾಗದೆ ಬಗ್ಗಿ ಬಲಗಡೆಯ ವೈರು ಜೋಡಿಸಿದ. ‘ನಮ್ಮ ಅಬ್ಬಾನೂ ಲೇತ್ ಕೆಲಸದಲ್ಲಿ ಇದ್ದವರು ಸಾರ್, ಅವರಿಗೂ ಹಿಂಗೇ. ಕಿವಿಗೆ ಮಿಷಿನ್ ಹಾಕಿಸ್ಕೊಂಡ್ರೆ ಸರಿಹೋಗುತ್ತೆ’ ಅಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ‘ಪೂರ್ತಿ ಸೌಂಡ್ ಇಡು’ ಎಂದೆ.

ಅವನು ಇಟ್ಟ. ಹಾಡು ಶುರುವಾಗುವ ಮೊದಲೇ ಫೋನ್ ಬಂತು. ಅದು ಸಿಸ್ಟಮ್ಮಿಗೆ ಜೋಡಿಸಿದ ಫೋನು. ನಯಾಜ್ ಗಾಬರಿಯಲ್ಲಿ ಯಾವುದೋ ಗುಂಡಿ ಒತ್ತಿದ. ನನ್ನ ಹೊಸ ಸ್ಪೀಕರುಗಳಲ್ಲಿ ಸರೋಜಳ ದನಿ ಬೀದಿಗೆಲ್ಲ ಕೇಳಿಸಿತು.

‘ರೀ, ಎಲ್ಲಿದೀರಾ? ಹನ್ನೊಂದೂವರೆ ಆಯ್ತು. ಆಸ್ಪತ್ರೆ ಒಳಗೆ ನನ್ನ ಹೆಸರು ಕೂಗ್ತಿದಾರೆ. ನೀವು ಬರದೆ ನಾನು ಒಳಗೆ ಹೋಗಲ್ಲ.’

ಎದುರಿನ ಲಾರಿಯಿಂದ ಸಾಮಾನು ಇಳಿಸುತ್ತಿದ್ದವರು ನಿಂತು ನೋಡಿದರು. ಬೇಕರಿಯ ಮುಂದಿದ್ದವರೂ ತಿರುಗಿದರು.

‘ಯಾವ ಆಸ್ಪತ್ರೆ?’ ಎಂದೆ.

ಕರೆ ಕಟ್ಟಾಯಿತೇನೋ ಅಂದುಕೊಂಡೆ.

‘ಮೂರು ವಾರದಿಂದ ಹೇಳ್ತಿದೀನಲ್ರೀ,’ ಅಂದಳು. ‘ಎದೇಲಿ ಗಂಟು ಕೈಗೆ ಸಿಕ್ಕಿದೆ ಅಂದಾಗ ಹೂಂ ಅಂದ್ರಿ. ಸೂಜಿ ಹಾಕಿ ಟೆಸ್ಟ್‌ಗೆ ಕಳಿಸಿದಾರೆ ಅಂದಾಗ್ಲೂ ಹೂಂ ಅಂದ್ರಿ. ಇವತ್ತು ರಿಪೋರ್ಟ್ ಕೊಡ್ತಾರೆ, ಜೊತೆಗೆ ಬನ್ನಿ ಅಂದಿದ್ದಕ್ಕೂ ಹೂಂ ಅಂದ್ರಲ್ಲ.’

ನಯಾಜ್ ಕೈ ಚಾಚಿ ಸದ್ದು ತಗ್ಗಿಸಿದ. ಆದರೆ ಕೇಳಬೇಕಾದವರು, ಕೇಳಬಾರದವರು ಎಲ್ಲರೂ ಕೇಳಿಯಾಗಿತ್ತು. ನನ್ನ ಹೆಂಡತಿಯ ಎದೆಯ ಗಂಟಿನ ಸುದ್ದಿ ನನಗೂ ಪೀಣ್ಯದ ಆ ಬೀದಿಗೂ ಒಟ್ಟಿಗೇ ತಿಳಿಯಿತು. ಆಸ್ಪತ್ರೆ ಯಶವಂತಪುರದ ಕಡೆ ಎಂದು ಅವಳಿಂದ ಕೇಳಿ ತಿಳಿದು, ‘ಬಂದೆ’ ಎಂದಷ್ಟೇ ಹೇಳಿದೆ. ಮುಂದಿನ ಕವಚ ಇನ್ನೂ ಕೂರಿಸಿರಲಿಲ್ಲ. ವೈರುಗಳನ್ನು ನಯಾಜ್ ದಾರದಲ್ಲಿ ಬಿಗಿದು ಕಟ್ಟಿ, ‘ಹೋಗಿ ಸಾರ್, ಮಿಕ್ಕಿದ್ದು ಆಮೇಲೆ ನೋಡ್ಕೊಳೋಣ’ ಎಂದ.

ನಾನು ತಲುಪುವಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು. ಇನ್ನೊಂದು ಸಲ ಹೆಸರು ಕೂಗಿದರಂತೆ, ಹೋಗಲೇಬೇಕಾಯಿತಂತೆ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತೆ. ಅಕ್ಕಪಕ್ಕದಲ್ಲಿ ಇಬ್ಬರು ಮೂವರು ಗಂಡಂದಿರು ಫೈಲು ಹಿಡಿದು ಕುಳಿತಿದ್ದರು. ಅವರಿಗೆಲ್ಲ ತಾವು ಯಾಕೆ ಬಂದಿದ್ದೇವೆಂದು ಗೊತ್ತಿತ್ತು. ಯಾವ ದೇವರನ್ನು ನೆನೆಯಬೇಕೆಂದು ತಿಳಿಯದೆ ಎಲ್ಲರನ್ನೂ ನೆನೆದೆ.

ಅರ್ಧ ಗಂಟೆಯ ಮೇಲೆ ಸರೋಜ ಹೊರಗೆ ಬಂದಳು. ಬೆಂಚಿನ ಮೇಲೆ ನನ್ನ ಎಡಕ್ಕೆ ಕುಳಿತು ಏನೋ ಹೇಳತೊಡಗಿದಳು. ನಾನು ಎದ್ದು ಅವಳ ಮುಂದೆ ನಿಂತೆ.

‘ಸರೋಜಾ, ನಂಗೆ ಎಡಗಿವಿ ಕೇಳಿಸಲ್ಲ. ಇವತ್ತೇ ಗೊತ್ತಾಗಿದ್ದು. ಏನ್ ಅಂದ್ರು ಡಾಕ್ಟ್ರು? ಮೊದ್ಲಿಂದ ಹೇಳು.’

ಅವಳು ನನ್ನ ಮುಖವನ್ನೇ ನೋಡಿದಳು. ಸುಳ್ಳು ಹೇಳುತ್ತಿದ್ದಾನೋ ಎಂದು ಅಳೆಯುವ ನೋಟ ಅದು. ಆಮೇಲೆ ಹೇಳಿದಳು. ಗಂಟಿನಿಂದ ಏನೂ ಅಪಾಯವಿಲ್ಲವಂತೆ, ಆರು ತಿಂಗಳು ಬಿಟ್ಟು ಮತ್ತೆ ತೋರಿಸಿದರೆ ಸಾಕಂತೆ. ಅವಳ ಬಲಕ್ಕೆ ಹೋಗಬೇಕೋ ಎಡಕ್ಕೋ ಎಂದು ತೋಚದೆ, ಕೊನೆಗೆ ಎಡಕ್ಕೆ ಹೋಗಿ ಕುಳಿತೆ. ಈಗ ಅವಳು ನನ್ನ ಬಲಗಿವಿಯ ಪಕ್ಕ ಇದ್ದಳು.

‘ಮೊದ್ಲ ದಿನ ನೀವು ಹೂಂ ಅಂದಾಗ ನಂಗೆಷ್ಟು ಧೈರ್ಯ ಬಂತು ಗೊತ್ತಾ?’ ಎಂದಳು. ‘ಇವ್ರು ಗಾಬರಿ ಆಗ್ಲಿಲ್ಲ, ಅಂದ್ರೆ ಏನೂ ಆಗಲ್ಲ ಅಂದ್ಕೊಂಡೆ. ಅದೊಂದೇ ಧೈರ್ಯದ ಮೇಲೆ ಆ ಸೂಜಿ ಹಾಕಿಸ್ಕೊಂಡೆ.’

ನನಗೆ ಅಳು ಬಂತು. ಅಲ್ಲಿ ಅತ್ತರೆ ಬೇರೆಯವರು ಏನೆಂದುಕೊಂಡಾರು ಎಂದು ಕೆಳಗೆ ನೋಡಿದೆ. ಬೇಸರದಿಂದ ಮಾತು ಬಿಟ್ಟಿದ್ದಾಳೆ ಎಂದುಕೊಂಡು ಎರಡು ವರ್ಷ ನಾನು ಯಾರ ಮೇಲೆ ಗುಮಾನಿ ಪಟ್ಟಿದ್ದೆನೋ ಅವಳು ವಾರವಾರವೂ ನನ್ನ ಭುಜದ ಮೇಲೆ ಗದ್ದವಿಟ್ಟು ಹೇಳುತ್ತಲೇ ಇದ್ದಳು.

‘ಇದಕ್ಕೆ ಮುಂಚೆ ಏನೇನ್ ಹೇಳಿದ್ದೆ, ಅದನ್ನೂ ಹೇಳು. ಈ ಬೈಕ್ ಬಂದಾಗಿಂದ ಹೇಳಿದ್ದು ಎಲ್ಲಾ.’

ಅವಳು ಯೋಚಿಸಿದಳು. ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡುತ್ತಿದ್ದಾಳೆಂದು ಹಣೆಯ ಗೆರೆಗಳಲ್ಲೇ ಗೊತ್ತಾಗುತ್ತಿತ್ತು.

‘ಎಷ್ಟೋ ಹೇಳಿದೀನಿ ರೀ. ಒಂದೊಂದ್ಸಲ ನೀವು ಹೂಂ ಕೂಡ ಅಂತಿರ್ಲಿಲ್ಲ, ಆವಾಗ ಸುಮ್ನಾಗ್ತಿದ್ದೆ. ಅದೆಲ್ಲ ದಾರೀಲಿ ಬಂದ ಮಾತು. ಈಗ ಕೇಳಿದ್ರೆ ಎಲ್ಲಿಂದ ತರ್ಲಿ?’

ಹೊರಗೆ ಬಂದು ಅವಳು ಅಭ್ಯಾಸದಂತೆ ಬೈಕಿನ ಕಡೆ ನಡೆದಳು. ನಾನು ತಡೆದೆ. ಬೈಕು ಅಲ್ಲೇ ಇರಲಿ, ನಾಳೆ ಬಂದು ತೆಗೆದುಕೊಂಡು ಹೋಗುತ್ತೇನೆ, ಬಸ್ಸಿನಲ್ಲಿ ಹೋಗೋಣ ಎಂದೆ. ಯಾಕೆಂದು ಅವಳು ಕೇಳಲಿಲ್ಲ. ಜಾಲಹಳ್ಳಿ ಕ್ರಾಸ್ ಕಡೆಯ ಬಸ್ಸು ಅರ್ಧ ಖಾಲಿ ಇತ್ತು. ಬಲಗಡೆಯ ಸಾಲಿನಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ಅವಳ ಎಡಕ್ಕೆ ನಾನು ಕುಳಿತೆ. ಅವಳು ಫೈಲನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಗೊರಗುಂಟೆಪಾಳ್ಯ ಬಂತು, ಪೀಣ್ಯ ಬಂತು. ಅವಳು ಏನೂ ಹೇಳಲಿಲ್ಲ. ಹೇಳು ಎಂದು ಕೇಳುವ ಹಕ್ಕು ನನಗಿರಲಿಲ್ಲ. ನಾನು ಅವಳ ಕಡೆಗೆ ವಾಲಿಕೊಂಡು, ಅವಳು ಬಾಯಿ ತೆರೆಯುವುದನ್ನೇ ಕಾಯುತ್ತಾ ಕುಳಿತೆ.